ರಾಂಪುರದಲ್ಲಿ ತಮ್ಮ ಹೇಳಿದ ಮಾತು

ತಮ್ಮನ ಕಿವಿಯಲ್ಲಿ ಯಾರೋ ಮಾತನಾಡತೊಡಗಿದಾಗ ಅವನಿಗೆ ಇಪ್ಪತ್ತೆರಡು ವರ್ಷ. ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನಲ್ಲಿ ಅಪ್ಪನ ಜೊತೆ ಕೂರುತ್ತಿದ್ದವನು, ಶೇಂಗಾ ತಂದವರೆಲ್ಲ ತನ್ನನ್ನೇ ಬೈಯುತ್ತಿದ್ದಾರೆಂದು ಜಗಳಕ್ಕೆ ಹೋಗುತ್ತಿದ್ದ. ಕಾಲೇಜಿನಲ್ಲಿ ಹತ್ತಿದ ಗಾಂಜಾ ಮಿಲ್ಲಿನ ಹಿತ್ತಲಿಗೂ ಬಂದಿತ್ತು. ಅವ್ವನಿಗೆ ಅದು ಗೊತ್ತಿತ್ತು. ಅಪ್ಪನಿಗೆ ಹೇಳದೆ ವಾಸನೆಯ ಅಂಗಿಗಳನ್ನು ಒಗೆದು ಹಾಕುತ್ತಿದ್ದಳು. ಅಪ್ಪನಿಗೂ ಗೊತ್ತಿತ್ತು, ಅವರು ಅವ್ವನಿಗೆ ಹೇಳಿರಲಿಲ್ಲ. ನನ್ನನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದರಲ್ಲ, ನನಗಂತೂ ಯಾರೂ ಹೇಳಲಿಲ್ಲ.

ನಾನು ತವರಿಗೆ ಹೋದ ದಿನ ಅವನು ಕೋಣೆಯ ಕಿಟಕಿಗೆಲ್ಲ ಪೇಪರ್ ಅಂಟಿಸಿಕೊಂಡು ಕೂತಿದ್ದ.

"ಅಕ್ಕಾ, ಮೆಲ್ಲಗೆ ಮಾತಾಡು. ಅವ್ರಿಗೆ ಕೇಳಿಸ್ತೈತೆ."

"ಯಾರಿಗೋ?"

ಅವನು ಅಳತೊಡಗಿದ.

ಅವ್ವ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದ್ದಳು. ನಾಲ್ಕು ಬಿಗಿದರೆ ಸರಿಹೋಗುತ್ತಾನೆಂದು ಅಪ್ಪ ಬಿಗಿದೂ ಆಗಿತ್ತು. ನಾನೂ ನನ್ನ ಗಂಡನೂ ಹಟ ಮಾಡಿ ಅವನನ್ನು ದಾವಣಗೆರೆಗೆ ಕರೆದುಕೊಂಡು ಹೋದೆವು. ಅಪ್ಪ ಒಲ್ಲದ ಮನಸ್ಸಿನಿಂದ ಜೊತೆಗೆ ಬಂದರು.

"ಗಾಂಜಾ ಒಂದೇ ಕಾರಣ ಅಂತ ಹೇಳೋಕಾಗಲ್ಲ," ಎಂದರು ಮನೋವೈದ್ಯರು. "ಆದ್ರೆ ಇವನ ಕಾಯಿಲೆಗೆ ಅದು ಉರಿಯೋ ಬೆಂಕಿಗೆ ತುಪ್ಪ. ಅದನ್ನ ಬಿಡ್ಲೇಬೇಕು. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ."

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹೊರಗೆ ಯಾರಿಗೂ ಗೊತ್ತಾಗಲ್ಲ ಅಲ್ರಿ?"

ಕೆಲವು ತಿಂಗಳಲ್ಲಿ ತಮ್ಮ ನಿದ್ದೆ ಮಾಡತೊಡಗಿದ, ಮಿಲ್ಲಿಗೂ ಹೋದ. ಅಷ್ಟರಲ್ಲೇ ಮನೆಯವರು ಅವನಿಗೆ ರಾಂಪುರದಲ್ಲಿ ಹೆಣ್ಣು ನೋಡಿದರು.

"ಹೆಂಡ್ತಿ ಬಂದ್ರೆ ಎಲ್ಲಾ ತಾನಾಗೇ ಬಿಡ್ತಾನೆ. ಅಲ್ಲಿ ಮಾತ್ರೆ ವಿಷಯ ಎತ್ತಬ್ಯಾಡ," ಎಂದರು ಅಪ್ಪ.

"ನನ್ನ ಕೊಡೋವಾಗ ಯಾರಾದ್ರೂ ಹಿಂಗೆ ಮುಚ್ಚಿಟ್ಟಿದ್ರೆ ನೀನು ಸುಮ್ನಿರ್ತಿದ್ಯಾ ಅಪ್ಪಾ?"

"ನೀನು ಕೊಟ್ಟ ಮಗಳು. ನಿನ್ನ ಮನೆ ನೋಡ್ಕೋ."

ರಾಂಪುರದಲ್ಲಿ ಉಪ್ಪಿಟ್ಟಿನ ತಟ್ಟೆ ಕೈಗೆ ಬಂದಾಗಲೇ ತಮ್ಮ ಹುಡುಗಿಯ ತಂದೆಯತ್ತ ತಿರುಗಿದ.

"ನಾನು ಗಾಂಜಾ ಸೇದ್ತಿದ್ದೆ ರೀ. ತಲೆ ಕೆಟ್ಟೋಗಿತ್ತು. ಈಗ ಮಾತ್ರೆ ತಗೊಳ್ತಿದೀನಿ. ನಿಮ್ಮ ಮಗಳಿಗೂ ಗೊತ್ತಿರ್ಲಿ."

ಅಪ್ಪ ಸುಳ್ಳುನಗೆ ನಕ್ಕರು. ಆ ತಂದೆ ಮಾತ್ರ ಅವನ ಮುಖವನ್ನೇ ನೋಡಿ, "ಹೇಳಿದ್ದು ಒಳ್ಳೇದಾತಪ್ಪಾ," ಎಂದರು. ಸಂಬಂಧ ಅಲ್ಲಿಗೇ ಮುಗಿಯಿತು.

ನಾನೇ ಹೇಳಿಕೊಟ್ಟೆನೆಂದು ಅಪ್ಪ ನನ್ನೊಡನೆ ಮಾತು ಬಿಟ್ಟರು. ನಾನು ಹೇಳಿಕೊಟ್ಟಿರಲಿಲ್ಲ. ಅವನಷ್ಟು ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಮಾತ್ರೆ ಇರುವುದರಿಂದಲೇ ಜನ ಹುಚ್ಚ ಅನ್ನುತ್ತಾರೆಂದು ಅವನ್ನು ಕಸಕ್ಕೆ ಸುರಿದಳು. ಆ ದನಿಗಳು ಮತ್ತೆ ಬಂದವು. ಯಾರ ಮೇಲೆ ಕೂಗಾಡಲಿ? ಅವಳ ಪ್ರೀತಿಯೂ ಸುಳ್ಳಲ್ಲವಲ್ಲ.

ನಾನು ತಮ್ಮನನ್ನು ಮೊಳಕಾಲ್ಮೂರಿಗೆ ಕರೆತಂದೆ. ಈಗ ಅವನು ನಮ್ಮ ರೇಷ್ಮೆ ಸೀರೆಯ ಅಂಗಡಿಯಲ್ಲಿ ಗಂಡನ ಪಕ್ಕ ಕೂರುತ್ತಾನೆ, ನನ್ನೆದುರೇ ಮಾತ್ರೆ ನುಂಗುತ್ತಾನೆ. ನಡುವೆ ಒಮ್ಮೆ ಅಂಗಿಯಲ್ಲಿ ಆ ವಾಸನೆ ಬಂತು. "ಒಂದೇ ಸಲ ಅಕ್ಕಾ," ಎಂದ. ಹೊಡೆಯುವಷ್ಟು ಸಿಟ್ಟು ಬಂತು. ತಡೆದುಕೊಂಡು ಮತ್ತೆ ದಾವಣಗೆರೆಯ ಬಸ್ಸು ಹತ್ತಿಸಿದೆ.

ಮೊನ್ನೆ ಅಪ್ಪ ನನ್ನ ಗಂಡನಿಗೆ ಫೋನ್ ಮಾಡಿದ್ದರು. ಮಗ ಹೇಗಿದ್ದಾನೆಂದು ಕೇಳಲಿಲ್ಲ. ತಳಕು ಎಂಬ ಊರಿನಲ್ಲಿ ಒಂದು ಹೆಣ್ಣಿದೆಯಂತೆ.