ಅಪ್ಪ ಸಲಹೆ ಕೊಡುತ್ತಿರಲಿಲ್ಲ

ಆಕೆಯ ಬಲಗೈಯ ಹಿಂಬದಿಯಲ್ಲಿ ವಿಭೂತಿಯ ಮೂರು ಗೆರೆಗಳಿದ್ದವು. ಒಂದು ಕೂಸಿನ ಹಣೆಯ ಮೇಲೆ ಇರಬೇಕಾಗಿದ್ದ ಗೆರೆಗಳು.

ನಾನು ನಿಲಂಗಾದ ಕಾಲೇಜಿನಲ್ಲಿ ಪಾಠ ಮುಗಿಸಿ ಸಂಜೆ ನಮ್ಮೂರಾದ ಉಮರ್ಗಾದ ಬಸ್ ನಿಲ್ದಾಣದಲ್ಲಿ ಇಳಿದಿದ್ದೆ. ಅಲ್ಲಿ ಸಿಕ್ಕ ಆಕೆ ಯೆಣೆಗೂರದವಳು. ನಾವು ಜಂಗಮರು, ಆಕೆಯ ಮನೆಗೆ ಅಪ್ಪನೇ ಗುರು. ಕೂಸು ಹುಟ್ಟಿದಾಗ ಲಿಂಗ ಕಟ್ಟಲು, ಯಾರಾದರೂ ತೀರಿಕೊಂಡಾಗ ಮುಂದಿನ ವಿಧಿ ನಡೆಸಲು, ಆ ಕಡೆಯ ರೈತರ ಮನೆಗಳಿಗೆ ಅಪ್ಪ ಹೋಗುತ್ತಾರೆ. ಆ ದಿನ ಆಕೆಯ ಮನೆಯ ಕೂಸಿಗೆ ಲಿಂಗ ಕಟ್ಟಲು ಹೋಗಿದ್ದರು.

"ಸ್ವಾಮಿಗೋಳ ಕೈ ಕೂಸಿನ ಕಣ್ಣಿನ ಮ್ಯಾಲೇ ಬರ್ಲಿಕತ್ತಿತ್ರಿ ಅಕ್ಕಾರ. ನಾ ನಡುವ ಕೈ ಇಟ್ಟೆ. ಅವರಿಗಿ ಗೊತ್ತಾಗಲಿಲ್ಲ."

"ತೊಳಕೋಬೇಕಿತ್ತು," ಎಂದೆ.

"ಗುರುಗೋಳ ಕೈಲೆ ಬಿದ್ದದ್ದು. ತೊಳೀಲಿಕ್ಕಿ ಮನಸ್ ಬರಲಿಲ್ಲರಿ." ಆಕೆ ಸೆರಗಿನಿಂದ ಕೈ ಮುಚ್ಚಿಕೊಂಡಳು. "ನಾಳಿ ಲೋಹಾರಾದಾಗ ನಮ್ಮಕ್ಕನ ಮೊಮ್ಮಗಗ ಲಿಂಗ ಕಟ್ಟೋದದ, ಅಲ್ಲೀನೂ ಅವರೇ ಬರ್ತಾರ. ನೀವರ ಒಂದ್ ಮಾತ್ ಹೇಳ್ರಿ. ನಮಗ ಬಾಯಿ ಬರಂಗಿಲ್ಲ."

ಅಪ್ಪನ ದೃಷ್ಟಿ ಅಂಚಿನಿಂದ ಒಳಗೆ ಕತ್ತಲಾಗುತ್ತ ಬಂದಿದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಲು ಹನಿ ಹಾಕಿಕೊಳ್ಳಿ ಎಂದು ಉದಗೀರದ ಡಾಕ್ಟರು ಹೇಳಿದ್ದರು. ಅದು ಮನೆಯಲ್ಲಿ ನಮಗೆ ಗೊತ್ತಿತ್ತು. ಅಪ್ಪ ಹೋಗುವ ಮನೆಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂದೇ ಮಧ್ಯಾಹ್ನ ನಾನು ತರಗತಿಯಲ್ಲಿ ಇಂಗ್ಲಿಷಿನಲ್ಲಿ ಸಲಹೆ ಹೇಳುವ ಬಗೆಗಳನ್ನು ಕಲಿಸಿದ್ದೆ. ಕಪ್ಪುಹಲಗೆಯ ಎಡಕ್ಕೆ ಹೌ ಅಬೌಟ್, ವೈ ಡೋಂಟ್ ಯು, ಶಲ್ ವಿ. ಬಲಕ್ಕೆ ಉತ್ತರಗಳು: ದಟ್ಸ್ ಎ ಗುಡ್ ಐಡಿಯಾ, ಐಡ್ ರಾದರ್ ನಾಟ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮರಾಠಿಯಲ್ಲಿ, "ಮ್ಯಾಡಮ್, ಆಮಚ್ಯಾ ಘರೀ ಸಜೆಶನ್ ಮ್ಹಣಜೇ ಆರ್ಡರಚ," ಎಂದಳು. ನಮ್ಮ ಮನೆಯಲ್ಲಿ ಸಲಹೆಯೆಂದರೆ ಅಪ್ಪಣೆಯೇ ಎಂದು. ಎಲ್ಲರೂ ನಕ್ಕರು. ಬಲಭಾಗಕ್ಕೆ ಬೊಟ್ಟು ಮಾಡಿ ನಾನು ಹೇಳಿದೆ: ಕೇಳಿದವರು ಬೇಡ ಎನ್ನಲು ಜಾಗ ಇದ್ದರೆ ಮಾತ್ರ ಅದು ಸಲಹೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಾನು ಹುಟ್ಟುವ ಮೊದಲು ಅಪ್ಪ ಒಂದು ಮನೆಯ ಅಂಗಳದಲ್ಲಿ ಕುಳಿತು, ಸುಮ್ಮನೆ ಮಾತಿಗೆಂದು, "ಈ ಬೇವಿನ ಗಿಡ ಗ್ವಾಡಿಗಿ ಭಾಳ ಸಮೀಪ ಆಗ್ಯಾದಲ್ಲ," ಎಂದಿದ್ದರಂತೆ. ಮುಂದಿನ ಸಲ ಹೋದಾಗ ಮರವಿರಲಿಲ್ಲ. ಗುರುಗಳ ಬಾಯಿಂದ ಬಂತು ಎಂದು ಕಡಿಸಿಬಿಟ್ಟಿದ್ದರು. ಆ ನೆರಳಲ್ಲಿ ಕೂರುತ್ತಿದ್ದ ಮುದುಕಿ ಬಿಸಿಲಲ್ಲಿ ಕೂತು ಅಪ್ಪನಿಗೆ ಕೈ ಮುಗಿದಳಂತೆ. ಅಂದಿನಿಂದ ಅಪ್ಪ ಯಾರಿಗೂ ಏನನ್ನೂ ಸೂಚಿಸಲಿಲ್ಲ. ಹೊಲದ ಮಾತಾಗಲಿ, ನಂಟಸ್ತಿಕೆಯ ಮಾತಾಗಲಿ, "ನೀ ಏನ್ ಅಂತಿ?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಮನೆಯಲ್ಲಿಯೂ ಹಾಗೆಯೇ. ಅವ್ವ ಆಗಾಗ ಚುಚ್ಚುತ್ತಾಳೆ: "ಚಾದಾಗ ಉಪ್ಪ್ ಹಾಕಿ ಕೊಟ್ರೂ ಇವರು ನೀ ಏನ್ ಅಂತಿ ಅಂತಾರ."

ಈಗ ಮಾತು ನನ್ನ ಬಾಯಲ್ಲಿತ್ತು, ಹೆದರಿಕೆಯೂ ನನ್ನದೇ ಆಗಿತ್ತು. ಉದಗೀರದಿಂದ ಬಂದ ವಾರ ನಾನು, ಬೆಳಗಿನ ಕತ್ತಲಲ್ಲಿ ಒಬ್ಬರೇ ಮಠಕ್ಕೆ ಯಾಕೆ ಹೋಗುತ್ತೀರಿ ಎಂದಷ್ಟೇ ಕೇಳಿದ್ದೆ. ಮರುದಿನದಿಂದ ಅಪ್ಪ ಹೋಗಲೇ ಇಲ್ಲ. ಕಲಿತ ಮಗಳು ಹೇಳಿದಳು ಎಂದು ಬಿಟ್ಟರು. ನಾಳೆಯ ಬಗ್ಗೆ ಒಂದು ಮಾತು ತಪ್ಪಿ ಆಡಿದರೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಾರು. ಆಡದಿದ್ದರೆ ಇನ್ನೊಂದು ಕೂಸಿನ ಕಣ್ಣು.

ಊಟವಾದ ಮೇಲೆ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ಯೆಣೆಗೂರದ ಹೆಣ್ಣುಮಗಳ ಕೈಯ ವಿಷಯ ಹೇಳಿದೆ. ಅವರು ತಮ್ಮ ಮೂರು ಬೆರಳುಗಳನ್ನು ಹೆಬ್ಬೆರಳಿನಿಂದ ಸವರಿಕೊಂಡರು.

"ಕೂಸಿಗಿ ಏನರ ಆಯ್ತೇನು?"

"ಏನಿಲ್ಲ ಅಪ್ಪಾ."

"ನೀ ಏನ್ ಅಂತಿ?"

ಇಂಗ್ಲಿಷಿನ ಎಷ್ಟೊಂದು ವಾಕ್ಯಗಳು ನೆನಪಾದವು. ಯಾವುದೂ ಆ ಕಟ್ಟೆಗೆ ಒಗ್ಗುವಂತಿರಲಿಲ್ಲ. "ನಾಳಿ ನಾ ಜೋಡಿ ಬರಲೇನು?" ಎಂದೆ. "ಬ್ಯಾಡ ಅನಸಿದ್ರ ಬ್ಯಾಡ ಅನ್ರಿ. ನಾ ಏನೂ ತಿಳಕೊಳ್ಳಂಗಿಲ್ಲ."

ನನಗೆ ಒಪ್ಪಿಬಿಡುತ್ತಾರೆ ಎನ್ನಿಸಿತು.

"ಬ್ಯಾಡ," ಎಂದರು.

ಒಳಗಿನಿಂದ ಅವ್ವ, "ಅಂದ್ರಲ್ಲ ಅಂತೂ ಒಂದ್ ಸಲ," ಎಂದಳು. ಅಪ್ಪ ನಗಲಿಲ್ಲ. ರಸ್ತೆಯ ಕಡೆ ಮುಖ ಮಾಡಿಯೇ ಕೇಳಿದರು: "ಕೂಸಿನ ಅಜ್ಜಿ ನನ್ನ ಕೈ ಹಿಡದು ಹಣಿ ತನಕಾ ಒಯ್ದ್ರ ಹ್ಯಾಂಗ?"

ಅಪ್ಪನ ಬಾಯಿಂದ ನಾನು ಕೇಳಿದ ಮೊದಲ ಸಲಹೆ ಅದು.

"ಛಲೋ ಆಗ್ತದ," ಎಂದೆ. "ಆದ್ರ ಆಕಿ ನಿಮ್ಮ ಕೈ ಹಿಡೀಲಿಕ್ಕಿ ಅಂಜ್ತಾಳ."

"ಮೊದಲ ಹೇಳ್ತೀನಿ. ನನಗ ಕಾಣಂಗಿಲ್ಲ ಅಂತ ಎಲ್ಲರ ಮುಂದ ಹೇಳ್ತೀನಿ." ನನ್ನ ಕಡೆ ತಿರುಗಿ, "ಇದಕ್ಕ ನಿಂದೇನರ ಬ್ಯಾಡ ಅದೇನು?" ಎಂದರು.

"ಇಲ್ಲ ಅಪ್ಪಾ."

ಅವರು ಕೋಲು ಹುಡುಕಿದರು. ಅದು ಅವರ ಎಡಕ್ಕೇ ಇತ್ತು. ನಾನು ಎತ್ತಿ ಕೊಡಲಿಲ್ಲ, ಕೈಗೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಅವರ ಜೋಳಿಗೆಯಲ್ಲಿ ವಿಭೂತಿ ಗಟ್ಟಿಯನ್ನೂ ಕಣ್ಣಿನ ಹನಿಯನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಇಟ್ಟು, ಯಾವುದು ಎಲ್ಲಿದೆ ಎಂದು ಅವರ ಕೈಯಿಂದಲೇ ಮುಟ್ಟಿಸಿ ತೋರಿಸಿದೆ. ಬಸ್ ನಿಲ್ದಾಣದ ತನಕ ಜೊತೆಯಲ್ಲಿ ನಡೆದೆ. ಲೋಹಾರಾದ ಬಸ್ಸಿನಲ್ಲಿ ಅವರು ತಾವೇ ಕಂಬಿ ಹಿಡಿದು ಹತ್ತಿ, ಮುಂದಿನ ಸೀಟಿನಲ್ಲಿ ಕುಳಿತರು. ನೋಡಿ ಇಳಿಸಿ ಎಂದು ಕಂಡಕ್ಟರನಿಗೆ ಹೇಳಬೇಕೆಂದು ಬಾಗಿಲವರೆಗೆ ಹೋದೆ. ಹೇಳದೆ ಹಿಂದಕ್ಕೆ ಬಂದು, ನಿಲಂಗಾದ ಬಸ್ಸು ಹತ್ತಿದೆ.