ದೇವರ ತಟ್ಟೆಯಲ್ಲಿ ಉಳಿದ ಬಿರಡೆ

ಭಕ್ತ ಬಂಧುಗಳೇ, ನಾಲ್ಕು ವರ್ಷ ನಾನು ಎರಡನೆಯವಳಾಗಿಯೇ ಉಳಿದವಳು. ಒಬ್ಬರೇ ಕೂತು ನಡೆಸುವ ಚಿಕ್ಕ ಹಾಯಿದೋಣಿಯ ಪಂದ್ಯ ನನ್ನದು. ಮೊದಲು ಬರುತ್ತಿದ್ದವಳು ಆರ್.ಟಿ. ನಗರದ ಶ್ವೇತಾ, ನನ್ನ ಗೆಳತಿ. ನಾನು ಅಲ್ಲಾಳಸಂದ್ರದಿಂದ ಬಂದರೆ ಹೆಬ್ಬಾಳದಲ್ಲಿ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ನನಗೆ ಸೀಟು ಹಿಡಿದಿಡುತ್ತಿದ್ದಳು. ಅದನ್ನು ಕಂಡರೂ ನನಗೆ ಮೈ ಉರಿಯುತ್ತಿತ್ತು.

ಈ ಸಲ ಭಾರತ ತಂಡಕ್ಕೆ ಒಬ್ಬಳೇ ಬೇಕಿತ್ತು. ನನಗೆ ಇಪ್ಪತ್ತೆಂಟು. "ಇದೇ ಕೊನೆ, ಆಮೇಲೆ ದೋಣಿ ಗೀಣಿ ಏನೂ ಇಲ್ಲ," ಎಂದು ಅಪ್ಪ ಹೇಳಿಯಾಗಿತ್ತು. ಒಂಬತ್ತು ಶುಕ್ರವಾರ ಅಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಅತ್ತೆ. ನನ್ನನ್ನು ಗೆಲ್ಲಿಸು ಎಂದು ಬೇಡಲಿಲ್ಲ. ಶ್ವೇತಾಳ ದೋಣಿ ಮುಳುಗಲಿ ಎಂದು ಬೇಡಿದೆ. ದೇವರ ಮುಂದೆ ಸುಳ್ಳು ಹೇಳಬಾರದು.

ದೋಣಿಗಳು ಜಲಾಶಯದ ದಡದಲ್ಲೇ ಇರುತ್ತವೆ. ಆದ್ದರಿಂದ ಆಯುಧಪೂಜೆಗೆ ಇಬ್ಬರ ದೋಣಿಯ ಬಿರಡೆಗಳನ್ನೂ ನಾನೇ ಮನೆಗೆ ತಂದು ಕುಂಕುಮ ಇಡುವುದು ರೂಢಿ. ದೋಣಿಯ ಹಿಂದಿನ ತೂತು ಮುಚ್ಚುವ ಹೆಬ್ಬೆರಳಷ್ಟು ಬಿರಡೆ ಅದು. ಇಲ್ಲದಿದ್ದರೆ ನೀರು ಒಳಗೊಳಗೇ ತುಂಬುತ್ತದೆ. ಈ ಸಲ ಪೂಜೆಯ ಮರುದಿನವೇ ಆಯ್ಕೆಯ ಪಂದ್ಯ. ಬೆಳಿಗ್ಗೆ ನನ್ನದನ್ನು ಹಾಕಿದ ಮೇಲೆ ನೆನಪಾಯಿತು, ಅವಳದ್ದು ದೇವರ ತಟ್ಟೆಯಲ್ಲೇ ಉಳಿದಿದೆ. ಆಣೆ ಮಾಡಿ ಹೇಳುತ್ತೇನೆ, ಮರೆತೇ ಬಂದಿದ್ದೆ.

"ನಂದು ಹಾಕಿದ್ಯೇನೇ?" ಹಾಯಿ ಕಟ್ಟುತ್ತಾ ಶ್ವೇತಾ ಕೇಳಿದಳು.

"ಹಾಕಿದೀನಿ ಕಣೇ, ಹೊರಡು."

ಆ ಮಾತು ನನ್ನ ಬಾಯಲ್ಲಿ ಆಡಿಸಿದವಳು ಅಮ್ಮನೇ.

ಎರಡು ಸುತ್ತು ಅವಳೇ ಮುಂದಿದ್ದಳು. ಮೂರನೆಯದರಲ್ಲಿ ನೀರು ತುಂಬಿದ ದೋಣಿ ಗಾಳಿಗೆ ಹೊರಳಿತು. ಕಾಲು ಸಿಕ್ಕಿಸುವ ಪಟ್ಟಿಯಲ್ಲಿ ಮಂಡಿ ತಿರುಚಿಕೊಂಡು ನನ್ನ ಹೆಸರು ಹಿಡಿದು ಕೂಗಿದಳು. ಕಾಪಾಡುವ ದೋಣಿ ಬರುತ್ತಿತ್ತು, ನಾನೇಕೆ ನಿಲ್ಲಲಿ? ಮೊದಲು ಬಂದೆ.

ಆಸ್ಪತ್ರೆಯಲ್ಲಿ ಡಾಕ್ಟರು, "ನಡೀಬಹುದು. ಆದ್ರೆ ದೋಣಿ ಮರ್ತುಬಿಡಮ್ಮ," ಎಂದರು. ಶ್ವೇತಾ ನನ್ನ ಕೈ ಹಿಡಿದು, "ಬಿರಡೆ ಸಡಿಲ ಆಗಿ ಹಾರಿಹೋಯ್ತೇನೋ, ನಾನೇ ಒಂದ್ಸಲ ನೋಡ್ಬೇಕಿತ್ತು," ಎಂದು ಅತ್ತಳು. ನೋಡಬೇಕಿತ್ತು ಎಂದೆ.

ಕಳೆದ ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಕೋಲೂರಿಕೊಂಡು ಬಂದಳು. ದೇವರ ತಟ್ಟೆಯಲ್ಲಿ ಅವಳೇ ಕೆಂಪು ದಾರ ಕಟ್ಟಿದ್ದ ಬಿರಡೆ ಇತ್ತು.

"ಇದು ನಂದಲ್ವಾ?"

"ಅಮ್ಮಂದು," ಎಂದೆ.

ಕೊಟ್ಟ ತಾಂಬೂಲವನ್ನು ನೆಲದ ಮೇಲಿಟ್ಟು ಎದ್ದು ಹೋದಳು. ತಾಂಬೂಲ ಹಾಗೆ ಬಿಟ್ಟು ಹೋಗಬಾರದು. ಪಾಪ, ಅವಳಿಗೆ ಭಕ್ತಿ ಸಾಲದು.

ವಿದೇಶದ ಪಂದ್ಯಕ್ಕೆ ಇನ್ನು ಮೂರು ತಿಂಗಳಿದೆ. ಅಲ್ಲಿ ನನಗಿಂತ ಚುರುಕಾದ ಹುಡುಗಿಯರು ಹತ್ತು ಜನ ಇದ್ದಾರಂತೆ. ಬೇಡಿದ್ದನ್ನು ಬೇಡಿದ ಹಾಗೆಯೇ ಕೊಡುವ ತಾಯಿಗೆ ಕೋಟಿ ನಮಸ್ಕಾರ. ಹತ್ತೂ ಹೆಸರು ಬರೆದುಕೊಂಡಿದ್ದೇನೆ. ಈ ಶುಕ್ರವಾರದಿಂದ ಮತ್ತೆ ದೀಪ ಹಚ್ಚುತ್ತೇನೆ.