ಮೂರು ತಟ್ಟೆಯ ನಿಯಮ

ಟಿಸಾ ನದಿಯ ದಂಡೆಯ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಟೆಲ್ಕಾ ಇಪ್ಪತ್ತಾರು ವರ್ಷಗಳಿಂದ ರೋಗಿಗಳ ರಕ್ತದಲ್ಲಿ ಸಿಕ್ಕ ಶಿಲೀಂಧ್ರಗಳನ್ನು ಬೆಳೆಸಿ ಪರೀಕ್ಷಿಸುತ್ತಿದ್ದಳು. ಕೆಲಸ ಕಲಿಸಿದವರು ಹೇಳಿಕೊಟ್ಟ ನಿಯಮ ಒಂದೇ: ಶಿಲೀಂಧ್ರವನ್ನು ಮೂರು ಬಾರಿ, ಅದಕ್ಕೆ ಆಹಾರವಾಗುವ ಹೊಸ ಸಕ್ಕರೆ ತಟ್ಟೆಗೆ ದಾಟಿಸಿ ಶುದ್ಧಗೊಳಿಸಬೇಕು, ಆಮೇಲೆ ಔಷಧಿಯ ಬಿಲ್ಲೆ ಇಡಬೇಕು. ಬಿಲ್ಲೆಯ ಸುತ್ತ ಖಾಲಿ ಉಂಗುರ ಮೂಡಿದರೆ ಔಷಧಿ ನಾಟಿತೆಂದು ಅರ್ಥ. ನಿಯಮವನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ; ಮುರಿದವರನ್ನು ಕ್ಷಮಿಸಿಯೂ ಇರಲಿಲ್ಲ.

ನಾಲ್ಕನೆಯ ಕೋಣೆಯಲ್ಲಿ ಮಲಗಿದ್ದ ನಿವೃತ್ತ ಅಂಚೆ ಉದ್ಯೋಗಿ ಕ್ಲಾರಾ ಬೋದಿಯ ತಟ್ಟೆಯಲ್ಲಿಯೂ ಉಂಗುರ ಅಗಲವಾಗಿತ್ತು. ಔಷಧಿ ನಾಟುತ್ತದೆಂಬ ವರದಿಗೆ ಎಟೆಲ್ಕಾ ಸಹಿ ಹಾಕಿದಳು. ಔಷಧಿ ಆರಂಭವಾಗಿ ಐದು ದಿನ ಕಳೆದರೂ ಜ್ವರ ಇಳಿಯಲಿಲ್ಲ.

ಹಿರಿಯಳಾದ ಅವಳನ್ನು 'ನೇನಿ', ಅಂದರೆ ಅತ್ತೆ, ಎಂದೇ ಕರೆಯುತ್ತಿದ್ದ ಡಾಕ್ಟರ್ ಸಿಲಾರ್ದ್ ಬಾಗಿಲಲ್ಲಿ ನಿಂತ. "ನೇನಿ, ನಿಮ್ಮ ಸಾಕುಮಗಳು, ಆ ಶಿಲೀಂಧ್ರ, ಇಲ್ಲಿ ತಟ್ಟೇಲಿ ಬಿಲ್ಲೆ ಕಂಡ್ರೆ ಸಾಯ್ತಾಳೆ. ಅಲ್ಲಿ ಕ್ಲಾರಾ ಮೈಯಲ್ಲಿ ಅದನ್ನೇ ತಿಂದು ಕೊಬ್ತಿದಾಳೆ."

"ನನ್ನ ಕೈ ತಪ್ಪಿಲ್ಲ ಡಾಕ್ಟ್ರೇ. ನಿಮ್ಮ ಔಷಧಿ ಶೀಶೆ ನೋಡ್ಕೊಳ್ಳಿ."

"ನೋಡಾಯ್ತು. ಇನ್ನೆರಡು ದಿನ ಹೀಗೇ ಇದ್ರೆ ಆಕೆ ಉಳಿಯಲ್ಲ."

ಅಂದು ಎಟೆಲ್ಕಾಳ ಊಟದ ಡಬ್ಬಿಯ ಗಸಗಸೆ ಶಾವಿಗೆ ಹಾಗೆಯೇ ಉಳಿಯಿತು. ಕ್ಲಾರಾಳ ರಕ್ತದ ಶೀಶೆಯಿಂದ ಶಿಲೀಂಧ್ರವನ್ನು ತೆಗೆದು, ಸಕ್ಕರೆ ತಟ್ಟೆಗೆ ದಾಟಿಸದೆ, ನೇರವಾಗಿ ಬಿಲ್ಲೆಯ ಎದುರು ಬಿತ್ತಿದಳು. ಕಳ್ಳತನ ಮಾಡಿದವಳಂತೆ ಆ ತಟ್ಟೆಯನ್ನು ಉಳಿದವುಗಳ ಹಿಂದೆ ಸರಿಸಿಟ್ಟಳು.

ಬೆಳಗ್ಗೆ ಉಂಗುರವಿರಲಿಲ್ಲ. ಬಿಳಿಯ ಹೆಪ್ಪು ಬಿಲ್ಲೆಯ ಅಂಚಿನವರೆಗೂ ಹಬ್ಬಿತ್ತು.

ಸಿಲಾರ್ದ್ ಎರಡೂ ತಟ್ಟೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಜೀನ್ ಬದಲಾಗಿರಲಿಕ್ಕಿಲ್ಲ ನೇನಿ. ಬದಲಾಗಿದ್ರೆ ಮೂರೇ ತಟ್ಟೇಲಿ ಹೀಗೆ ಮೊದಲಿನಂತಾಗ್ತಿರ್ಲಿಲ್ಲ. ಔಷಧೀನ ಹೊರಗೆ ಉಗುಳೋ ಜೀನ್‌ಗೆ ಒಂದು ಬೀಗ ಇರುತ್ತೆ ಅಂದ್ಕೊಳ್ಳಿ. ಆಕೆ ಮೈಯಲ್ಲಿ ಅದು ತೆರೆದಿದೆ, ಶಿಲೀಂಧ್ರಕ್ಕೆ ಹುಟ್ಟೋ ಮರಿಗಳಿಗೂ ತೆರೆದೇ ದಾಟ್ತಿದೆ. ಇಲ್ಲಿ ಹಾಯಾಗಿ ಸಕ್ಕರೆ ತಿಂದು ಮತ್ತೆ ಬೀಗ ಹಾಕ್ಕೊಂಡಿದೆ."

"ಅಂದ್ರೆ ಉಗುಳೋದನ್ನ ಅದಕ್ಕೆ ಮರೆಸಿದ್ದು ನಾನೇ."

"ನೀವು ಶುದ್ಧ ಮಾಡಿದ್ರಿ, ಅಷ್ಟೇ."

ಅವಳು ಹಳೆಯ ವರದಿಯನ್ನು ತರಿಸಿ, ತನ್ನ ಸಹಿಯ ಮೇಲೆ ಗೆರೆ ಎಳೆದು, "ಈ ವರದಿ ತಪ್ಪು" ಎಂದು ದುಂಡಾಗಿ ಬರೆದಳು. ಕ್ಲಾರಾಳಿಗೆ ಬೇರೆ ಔಷಧಿ ಕೊಟ್ಟರು, ಜ್ವರ ಇಳಿಯತೊಡಗಿತು. ಗೋಡೆಯ ಶೀತಪೆಟ್ಟಿಗೆಯಲ್ಲಿ ಇಪ್ಪತ್ತಾರು ವರ್ಷಗಳ ಶಿಲೀಂಧ್ರಗಳು ಸಾಲಾಗಿ ನಿಂತಿದ್ದವು, ಎಲ್ಲವೂ ಅವಳೇ ಸಕ್ಕರೆ ಉಣಿಸಿದವು. ಅತ್ತ ನೋಡುವುದನ್ನು ಅವಳು ಬಿಟ್ಟಳು.

ಹೊಸ ಔಷಧಿಯ ಬಿಲ್ಲೆಯನ್ನು ಮಾತ್ರ ದಿನವೂ ಕ್ಲಾರಾಳ ಹೊಸ ರಕ್ತದಲ್ಲಿ ಬೆಳೆದ ಶಿಲೀಂಧ್ರದ ಎದುರು ನೇರವಾಗಿ ಇಟ್ಟಳು. ಮೊದಲ ದಿನ ಉಂಗುರ ಬೆರಳಿನಷ್ಟು ಅಗಲವಿತ್ತು. ಮೂರನೆಯ ಬೆಳಗ್ಗೆ ಅಳತೆಪಟ್ಟಿ ಇಟ್ಟು ನೋಡಿದಳು, ಮೊದಲಿಗಿಂತ ಕೂದಲೆಳೆಯಷ್ಟು ಕಿರಿದಾಗಿತ್ತು. ಮತ್ತೊಮ್ಮೆ ಅಳೆದಳು. ಆಮೇಲೆ, ಈ ಔಷಧಿಯನ್ನೂ ಅದು ಉಗುಳತೊಡಗಿದೆಯೆಂದು ಸಿಲಾರ್ದ್‌ಗೆ ಹೇಳಲು ಫೋನ್ ಎತ್ತಿಕೊಂಡು ನಾಲ್ಕನೆಯ ಕೋಣೆಗೆ ಕರೆ ಮಾಡಿದಳು.